ಕಾಲೂರಬಾರದ ಘಾಟಿ

ಜೂನ್ 13, 1995, ಮಂಗಳವಾರ. ಸಂತ ಅಂತೋನಿಯವರ ಹಬ್ಬ

ಇದು ಮಗಳು ನೂಬಿಯಾ ಶಾಲೆಯಲ್ಲಿ ಅರ್ಧ ಬರೆದು ಬಿಟ್ಟ ನೋಟುಪುಸ್ತಕ. ಪಾಪನಿವೇದನೆಗೆ ಮೊಣಕಾಲೂರಿದ ಕೂಡಲೆ ನನಗೆ ಮಾಡಿದ್ದೆಲ್ಲ ಮರೆತುಹೋಗುತ್ತದೆ. ಪಾದ್ರಿಗಳು ಜಾಲರಿಯ ಆಚೆ ಕಾಯುತ್ತಿರುತ್ತಾರೆ, ನಾನು ಈಚೆ ತಡವರಿಸುತ್ತಿರುತ್ತೇನೆ. ಇನ್ನು ಮೇಲೆ ಬರೆದಿಟ್ಟುಕೊಂಡು ಹೋಗುವುದೆಂದು ಮಾಡಿದ್ದೇನೆ.

ಇವತ್ತಿನ ಪಾಪ: ಸಿಟ್ಟು. ಬರಿಸಿದವನು ಸೈಕಲ್ ರಿಪೇರಿಯ ಕುಸ್ತೋದಿಯೊ.

ಚರ್ಚಿನ ಹಿಂದಿನ ಕೋಣೆಯಲ್ಲಿ ಹರಕೆ ಸವಾರಿಯ ಸಭೆ ಇತ್ತು. ಜುಲೈ ಎಂಟಕ್ಕೆ ಸೈಕಲ್ ಹತ್ತಿ, ಒಂಬತ್ತಕ್ಕೆ ಚಿಕಿಂಕಿರಾದ ಮಾತೆಯ ಹಬ್ಬ ಮುಟ್ಟಬೇಕು. ನೂರೈವತ್ತು ಕಿಲೋಮೀಟರು. ಅರವತ್ತೊಂದು ಜನ ಹೆಸರು ಕೊಟ್ಟಿದ್ದಾರೆ. ಹೊರಗೆ ಧೋ ಎಂದು ಮಳೆ. ನಮ್ಮ ಸರೋವರದ ಕಡೆ ಜೂನ್ ಜುಲೈ ಅಂದರೆ ಮಳೆಯೇ, ಅದರಲ್ಲಿ ಹೊಸದೇನಿಲ್ಲ. ಕುಸ್ತೋದಿಯೊ ಎದ್ದು ನಿಂತ. ಪೂಜೆಗೆ ವರ್ಷಕ್ಕೊಂದು ಸಲ ಬಂದರೆ ಹೆಚ್ಚು, ಅಂಥವನು.

"ಮಳೆ ಇದ್ರೆ ಲಾಸ್ ಆನಿಮಾಸ್ ಘಾಟಿ ಯಾರೂ ಸೈಕಲ್ ಮೇಲೆ ಇಳೀಬಾರ್ದು. ಹದಿನೆಂಟು ಕಿಲೋಮೀಟರ್ ಇಳಿಜಾರು. ತಳ್ಕೊಂಡು ಹೋಗ್ಬೇಕು. ಹೋದ ವರ್ಷ ಆನ್ಸೆಲ್ಮೊ ಸೊಂಟ ಮುರ್ಕೊಂಡ್ರು. ಈ ವರ್ಷ ಯಾರ ಕುತ್ತಿಗೆ ಅಂತ ಕಾಯ್ತಾ ಇದ್ದೀರಾ?"

ನನ್ನ ಯಜಮಾನರು ಎವಾಂಹೆಲಿಸ್ತಾ ಹನ್ನೊಂದು ವರ್ಷದಿಂದ ಸವಾರಿಯ ಕ್ಯಾಪ್ಟನ್. "ತಳ್ಕೊಂಡೇ ಹೋಗೋದಾದ್ರೆ ಕತ್ತೆ ಹಿಡ್ಕೊಂಡು ಹೋಗ್ತೀವಿ ಬಿಡಿ" ಎಂದರು. "ಅದಕ್ಕೆ ಪಂಕ್ಚರೂ ಆಗಲ್ಲ, ನಿಮಗೆ ಕೆಲಸಾನೂ ಇರಲ್ಲ."

ಎಲ್ಲರೂ ನಕ್ಕರು. ಪಾದ್ರಿಗಳು ನನ್ನ ಕಡೆ ತಿರುಗಿ, "ದೋನ್ಯಾ ತ್ರಾನ್ಸಿತೊ, ನಿಯಮ ಏನು ಹೇಳಿ" ಎಂದರು. ಹರಕೆಯ ವಿಷಯ ಬಂದರೆ ನನ್ನನ್ನೇ ಕೇಳುವುದು. ಮಾತೆಯ ದೀಪದ ಸಂಘಕ್ಕೆ ನಾನೇ ಹಿರಿಯಳು. ಎದ್ದು ಹೇಳಿದೆ: ಸರೋವರದ ಸೇತುವೆಯಿಂದ ಘಾಟಿ ಹತ್ತಿ, ಇಳಿದು, ಸೊಗಾಮೊಸೊ ಊರಿನ ಮೊದಲ ಮನೆ ಬರುವ ತನಕ ನೆಲಕ್ಕೆ ಕಾಲೂರಬಾರದು. ಕಾಲೂರಿದರೆ ಹರಕೆ ಮುರಿಯಿತು. ಸೋತವರನ್ನು ಹತ್ತಿಸಿಕೊಳ್ಳಲು ಹಿಂದೆ ಬರುವ ಪೊರಕೆ ಗಾಡಿ ಹತ್ತಿದರೂ ಮುರಿಯಿತು. ಮುರಿದವರು ಮುಂದಿನ ವರ್ಷ ಮೊದಲಿನಿಂದ ಮಾಡಬೇಕು.

"ಸೊಂಟ ಮುರಿದ್ರೆ?" ಎಂದ ಕುಸ್ತೋದಿಯೊ.

"ಕುಡಿದು ಹತ್ತಿದವರ ಮಾತು ಇಲ್ಲಿ ಬೇಡ" ಎಂದೆ ನಾನು. ಆನ್ಸೆಲ್ಮೊ ಕುಡಿದಿದ್ದರು ಎಂದು ಊರಿಗೇ ಗೊತ್ತು.

ನಮ್ಮ ನೂಬಿಯಾ ಈ ಸಲ ಹೋಗುತ್ತಿದ್ದಾಳೆ. ಹೋದ ನವೆಂಬರಿನಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಹನ್ನೆರಡು ದಿನ ಕಣ್ಣು ಬಿಟ್ಟಿರಲಿಲ್ಲ. ಮಾತೆಯೇ, ಇವಳನ್ನು ಉಳಿಸಿಕೊಡು, ನಿನ್ನ ದಾರಿಯನ್ನು ಸೈಕಲ್ ಮೇಲೆ ತುಳಿದು ಬರುತ್ತಾಳೆ ಎಂದು ಹರಕೆ ಹೊತ್ತವಳು ನಾನು. ಉಳಿಸಿಕೊಟ್ಟರು. ಇಪ್ಪತ್ತೆರಡು ವರ್ಷದವಳು, ಗಟ್ಟಿಯಾಗಿದ್ದಾಳೆ. ಮಳೆಗೆ ಹೆದರಿ ಮಾತು ತಪ್ಪುವುದೇ?

ಜಪಸರ ಮೂರು ಸುತ್ತು ಆಯಿತು.

ಜೂನ್ 18, ಭಾನುವಾರ

ಪೂಜೆ ಮುಗಿಸಿ ನೂಬಿಯಾ ಅಭ್ಯಾಸಕ್ಕೆ ಹೋಗಿದ್ದಳು. ಎರಡೂ ಅಂಗೈ ತರಚಿಕೊಂಡು ಬಂದಳು.

"ಏನಾಯ್ತೇ?"

"ಸೇತುವೆ ಹತ್ರ ನಾಯಿ ಅಡ್ಡ ಬಂತು. ಬ್ರೇಕ್ ಹಿಡ್ದೆ. ಒದ್ದೆ ಆದಾಗ ಅದು ಯೋಚ್ನೆ ಮಾಡಿ ಹಿಡಿಯುತ್ತೆ ಅಮ್ಮಾ."

"ನಾಯಿ?"

"ನಾಯಿ ಯೋಚ್ನೆ ಮಾಡ್ಲಿಲ್ಲ, ಓಡೋಯ್ತು."

ತೀರ್ಥ ಹಚ್ಚಿ ಬಟ್ಟೆ ಸುತ್ತಿದೆ. ನಗುತ್ತಲೇ ಇದ್ದಳು. ನಾನೂ ನಕ್ಕೆ. ಆಮೇಲೆ ಈರುಳ್ಳಿ ಸುಲಿಯುವ ಶೆಡ್ಡಿನಲ್ಲಿ ಮೂರು ಕಟ್ಟು ತಪ್ಪಾಗಿ ಕಟ್ಟಿದೆ. ಎರಡು ಬೇರು ಕಡೆ, ಒಂದು ಎಲೆ ಕಡೆ.

ಜಪಸರ ಮೂರು.

ಜೂನ್ 22, ಗುರುವಾರ

ನೂಬಿಯಾಳ ಸೈಕಲ್ ತಳ್ಳಿಕೊಂಡು ಕುಸ್ತೋದಿಯೊನ ಅಂಗಡಿಗೆ ಹೋಗಿದ್ದೆ. ಬೇರೆ ಅಂಗಡಿ ಇಲ್ಲವಲ್ಲ.

ಅವನು ಹಿಂದಿನ ಚಕ್ರ ಮೇಲೆತ್ತಿ ತಿರುಗಿಸಿ ಬ್ರೇಕ್ ಹಿಡಿದ. ಟಕ್ ಎಂದು ನಿಂತಿತು. ಒಂದು ಚೊಂಬು ನೀರು ಸುರಿದು ಮತ್ತೆ ತಿರುಗಿಸಿ ಹಿಡಿದ. ಒಂದು ಸುತ್ತು, ಎರಡು ಸುತ್ತು, ಆಮೇಲೆ ನಿಂತಿತು.

"ಇದು ಚೆನ್ನಾಗಿರೋ ಬ್ರೇಕು, ದೋನ್ಯಾ ತ್ರಾನ್ಸಿತೊ. ಮಗಳ ತೂಕ ಹಾಕಿ, ಇಳಿಜಾರು ಹಾಕಿ, ಚಳಿಗೆ ಮರಗಟ್ಟಿದ ಬೆರಳು ಹಾಕಿ. ಎಷ್ಟು ಸುತ್ತು ಹೇಳಿ."

"ಮಾತೆ ನೋಡ್ಕೋತಾರೆ."

"ನೋಡ್ಕೊಳ್ಳಲಿ. ಕಾಲೂರಿದ್ರೆ ಅವ್ರಿಗೆ ಕಣ್ಣು ಕಾಣಲ್ವಾ?"

ಮುಖ ತಿರುಗಿಸಿದೆ. ಮೂಲೆಯಲ್ಲಿ ಆನ್ಸೆಲ್ಮೊ ಅವರ ಸೈಕಲ್ ಇತ್ತು, ಮುಂದಿನ ಚಕ್ರ ಎಂಟರ ಹಾಗೆ ಸೊಟ್ಟಗಾದದ್ದು. ಅವರು ಅದರ ಮುಖ ನೋಡಲಾರೆ ಎಂದು ವರ್ಷದಿಂದ ಅಲ್ಲೇ ಬಿಟ್ಟಿದ್ದಾರಂತೆ. ಕುಸ್ತೋದಿಯೊ ಅದರ ಬ್ರೇಕ್ ರಬ್ಬರ್ ಬಿಚ್ಚಿ ನನ್ನ ಅಂಗೈಗೆ ಹಾಕಿದ. ಒಣಗಿ, ಗಾಜಿನ ಹಾಗೆ ಹೊಳೆಯುತ್ತಿತ್ತು.

"ಎಣ್ಣೆ ಕುಡಿದಿದೆ ಇದು. ಆನ್ಸೆಲ್ಮೊ ಕುಡಿದಿದ್ರೋ ಇಲ್ವೋ ನಾನು ನೋಡಿಲ್ಲ, ಈ ರಬ್ಬರ್ ಕುಡಿದಿರೋದು ನಿಜ. ಚೈನಿನ ಎಣ್ಣೆ ಅಲ್ಲ. ಏನೋ ಒಂಥರಾ ವಾಸನೆ. ಮೂಸಿ ನೋಡಿ."

ಮೂಸಿದೆ. ರೋಸ್‌ಮರಿ.

ರಬ್ಬರನ್ನು ಅಲ್ಲೇ ಇಟ್ಟು ಮನೆಗೆ ಬಂದೆ.

ಜೂನ್ 23

ರೋಸ್‌ಮರಿಯೇ.

ಜೂನ್ 24, ಶನಿವಾರ. ಸಂತ ಯೊವಾನ್ನರ ಹಬ್ಬ

ಬರೆಯದಿದ್ದರೆ ಮರೆತೆನೆಂದು ಹೇಳಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾತೆಯ ದೀಪದ ಎಣ್ಣೆಗೆ ರೋಸ್‌ಮರಿ ಸೊಪ್ಪು ಹಾಕಿ ಬಿಸಿಲಿಗಿಡುವುದು ನಮ್ಮ ಸಂಘ. ಈ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಆ ಎಣ್ಣೆ ಇಲ್ಲ. ಹಿಂದೆಲ್ಲ ಸವಾರಿ ಹೊರಡುವ ಬೆಳಿಗ್ಗೆ ಪಾದ್ರಿಗಳು ಸೈಕಲ್‌ಗಳ ಮೇಲೆ ತೀರ್ಥ ಚಿಮುಕಿಸುತ್ತಿದ್ದರು, ಅಷ್ಟೇ. ಹೋದ ವರ್ಷ ಮಳೆಯಲ್ಲಿ ತೀರ್ಥ ಯಾವುದು, ಮಳೆ ನೀರು ಯಾವುದು ಎಂದು ಯಾರಿಗೂ ತಿಳಿಯದೆ ಸಪ್ಪೆ ಅನ್ನಿಸಿತು. ದೀಪದ ಎಣ್ಣೆಯಲ್ಲಿ ಬೆರಳದ್ದಿ ಶಿಲುಬೆ ಎಳೆಯೋಣ ಎಂದವಳು ನಾನು. ಎಲ್ಲಿಗೆ ಎಳೆಯುವುದು? ಚೌಕಟ್ಟಿಗೆಲ್ಲ ಕೆಸರು. ಚಕ್ರದ ಸುತ್ತಿನ ರಿಮ್ಮು ಒಂದೇ ಬೆಳ್ಳಗೆ, ನುಣ್ಣಗೆ ಇತ್ತು. ದಾರಿ ತುಳಿಯುವುದೂ ಚಕ್ರವೇ. ಅಲ್ಲಿಗೆ ಹಚ್ಚಿದೆ. ಬ್ರೇಕ್ ರಬ್ಬರ್ ಹಿಡಿಯುವುದೂ ಅಲ್ಲೇ ಎಂದು ನನಗೆ ಯಾರು ಹೇಳಿಕೊಟ್ಟಿದ್ದರು? ನಾನು ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ.

ಸಾಲಿನಲ್ಲಿ ಮೊದಲು ಆನ್ಸೆಲ್ಮೊ. ಅವರ ಮಗಳ ಜ್ಞಾನಸ್ನಾನಕ್ಕೆ ನಾನೇ ತಾಯಿಯಾಗಿ ನಿಂತವಳು; ಅವರು ನನಗೆ ಕೊಂಪಾದ್ರೆ, ಅವರ ಹೆಂಡತಿ ರೊಸಾಲ್ಬಾ ಕೊಮಾದ್ರೆ. ನಮ್ಮವರು ಎಂದು ಎರಡೂ ಚಕ್ರಕ್ಕೆ ಮೂರು ಮೂರು ಶಿಲುಬೆ ಎಳೆದೆ. ಉಳಿದವರಿಗೆ ಒಂದೊಂದು. ಕೊನೆಗೆ ಬಂದವರಿಗೆ ಬೆರಳಿನಲ್ಲಿ ಎಣ್ಣೆಯೇ ಇರಲಿಲ್ಲ.

ಘಾಟಿಯ ನಾಲ್ಕನೇ ತಿರುವಿನಲ್ಲಿ ಅವರು ನೇರ ಹೋಗಿ ಕಲ್ಲುಗೋಡೆಗೆ ಬಡಿದರು. ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳುತ್ತಿದ್ದರಂತೆ, ಹಿಡೀಲಿಲ್ಲ, ಹಿಡೀಲಿಲ್ಲ. ನಾವೆಲ್ಲ ನಕ್ಕೆವು. ಹೇಗೆ ಹಿಡಿಯುತ್ತೆ, ಒಳಗೆ ಅಷ್ಟು ಇಳಿದಿದ್ದರೆ ಎಂದೆವು. ಎಂದೆವು ಅಲ್ಲ. ಎಂದೆ.

ಜೂನ್ 29, ಗುರುವಾರ. ಸಂತ ಪೇತ್ರರು, ಸಂತ ಪೌಲರು

ಪಾಪನಿವೇದನೆಗೆ ಹೋಗಿದ್ದೆ. ಪುಸ್ತಕವನ್ನು ಹೊದ್ದ ಉಣ್ಣೆಯ ರುವಾನಾದ ಒಳಗಿಟ್ಟುಕೊಂಡೇ ಹೋಗಿದ್ದೆ.

"ದೀಪದ ಎಣ್ಣೆಯನ್ನ ಸಲ್ಲದ ಕಡೆ ಬಳಸ್ದೆ ಫಾದರ್" ಎಂದೆ.

"ಅಡುಗೆಗಾ?"

"ಅಲ್ಲ."

"ಕೀಲು ನೋವಿಗಾ? ಎಲ್ಲ ಹೆಂಗಸರೂ ಅದನ್ನೇ ಮಾಡ್ತಾರೆ. ಮೂರು ನಮೋ ಮರಿಯಾ ಹೇಳಿ ಹೋಗಮ್ಮಾ, ಹಿಂದೆ ಸಾಲು ದೊಡ್ಡದಿದೆ."

ಎದ್ದು ಬಂದೆ. ಮೂರು ಹೇಳಿದೆ. ಮೂವತ್ತು ಹೇಳಿದೆ.

ಜುಲೈ 1, ಶನಿವಾರ

ಶೆಡ್ಡಿನಲ್ಲಿ ರೊಸಾಲ್ಬಾ ನನ್ನ ಪಕ್ಕದ ಸ್ಟೂಲಿನಲ್ಲೇ ಕೂರುವುದು, ಇಪ್ಪತ್ತು ವರ್ಷದಿಂದ. ಈರುಳ್ಳಿಯ ಹೊರಗಿನ ಸಿಪ್ಪೆ ಎಳೆಯುತ್ತ ಅವಳೇ ಮಾತು ತೆಗೆದಳು.

"ನಮ್ಮೋರು ಒಂದು ವರ್ಷದಿಂದ ತೊಟ್ಟು ಮುಟ್ಟಿಲ್ಲ, ಕೊಮಾದ್ರೆ. ಬಿಯರ್ ಕೂಡ ಇಲ್ಲ. ನಾನು ಹೇಳ್ತಾನೇ ಇದ್ದೆ, ನೋಡಿ, ಆವತ್ತೇ ಬಿಟ್ಟಿದ್ರೆ ಸೊಂಟ ಉಳೀತಿತ್ತು ಅಂತ. ಮೊದಮೊದಲು ವಾದ ಮಾಡ್ತಿದ್ರು, ಕುಡಿದಿಲ್ಲ ಕಣೇ ಅಂತ. ಈಗ ಮಾಡಲ್ಲ. ಒಪ್ಕೊಂಡ್ರು."

"ಒಪ್ಕೊಂಡ್ರಾ?"

"ಹೂಂ. ಒಪ್ಕೊಂಡ ಮೇಲೆ ಮನೇಲಿ ಶಾಂತಿ."

ಚಾಕು ಜಾರಿ ಹೆಬ್ಬೆರಳು ಕುಯ್ದುಕೊಂಡೆ. ರೊಸಾಲ್ಬಾ ತನ್ನ ಕರವಸ್ತ್ರ ಹರಿದು ಕಟ್ಟಿದಳು. ಎಣ್ಣೆಯಲ್ಲಿ ಅದ್ದಿದ್ದ ಅದೇ ಬೆರಳು.

ಮಳೆ ನಿಂತಿಲ್ಲ. ಮಾತೆಯ ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಇವತ್ತು ಎರಡನೇ ದಿನ. ಪ್ರಾರ್ಥನೆ ಮಾಡಿಸಿದವಳು ನಾನೇ. ಯಾವ ಸಾಲು ಹೇಳಿದೆನೋ ನೆನಪಿಲ್ಲ.

ಜುಲೈ 4, ಮಂಗಳವಾರ

ಸಂಘದ ಹೆಂಗಸರಿಗೆ ಹೇಳಿದೆ: ಈ ವರ್ಷ ಶಿಲುಬೆ ಹ್ಯಾಂಡಲ್ಲಿಗೆ ಮಾತ್ರ. ಚಕ್ರಕ್ಕೆ ಬೇಡ.

"ಯಾಕೆ?" ಎಂದಳು ಎದೆಲ್ಮೀರಾ. ಒಳ್ಳೆಯವಳು, ಎಲ್ಲದಕ್ಕೂ ಯಾಕೆ ಅನ್ನುತ್ತಾಳೆ.

"ಹ್ಯಾಂಡಲ್ಲು ಎದೆಗೆ ಹತ್ರ" ಎಂದೆ. ಬಾಯಿಗೆ ಬಂದದ್ದು ಅದೇ.

ಎಲ್ಲರೂ ತಲೆ ಆಡಿಸಿದರು. ಚೆನ್ನಾಗಿ ಹೇಳಿದ್ರಿ ಎಂದೂ ಅಂದರು. ಅಷ್ಟಾದರೆ ಸಾಕು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಮನಸ್ಸು ಹಗುರವಾಯಿತು. ಅದನ್ನೂ ಬರೆದಿಡುತ್ತೇನೆ.

ಜುಲೈ 5, ಬುಧವಾರ

ಹಗುರ ಉಳಿಯಲಿಲ್ಲ. ಎಣ್ಣೆ ಇಲ್ಲದಿದ್ದರೂ ಚಕ್ರ ಎರಡು ಸುತ್ತು ಹೋಗಿತ್ತು, ಚೊಂಬು ನೀರಿಗೆ. ಘಾಟಿಯಲ್ಲಿ ಬೀಳುವುದು ಚೊಂಬು ನೀರಲ್ಲ.

ಯಜಮಾನರಿಗೆ ಆಲೂಗಡ್ಡೆ ಸಾರು ಬಡಿಸುತ್ತ ಕೇಳಿದೆ, "ಶನಿವಾರ ಹೀಗೇ ಸುರೀತಾ ಇದ್ರೆ?"

"ಇದ್ರೆ ಒದ್ದೆ ಆಗ್ತೀವಿ."

"ಕುಸ್ತೋದಿಯೊ ಹೇಳಿದ್ದು…"

"ಕುಸ್ತೋದಿಯೊ! ನೀವು ಯಾವಾಗಿಂದ ಆ ಮನುಷ್ಯನ ಮಾತು ಕೇಳೋಕೆ ಶುರು ಮಾಡಿದ್ರಿ? ನಿಯಮ ಎದ್ದು ನಿಂತು ಹೇಳ್ದೋರು ಯಾರು? ನಾನಾ?"

"ನಾನೇ."

"ಹರಕೆ ಹೊತ್ತೋರು ಯಾರು?"

"ನಾನೇ."

"ಮತ್ತೆ?" ಎಂದು ಬಟ್ಟಲು ಮುಂದಕ್ಕೆ ಹಿಡಿದರು. ಇನ್ನೊಂದು ಸೌಟು ಹಾಕಿದೆ.

ಜುಲೈ 7, ಶುಕ್ರವಾರ

ಮಳೆ. ನೂಬಿಯಾಳ ಕಾಲುಚೀಲ ಒಲೆಯ ಮೇಲೆ ಒಣಗಿಸಿದೆ. ಸುಟ್ಟ ವಾಸನೆ ಬಂದಾಗ ತೆಗೆದೆ.

ಜುಲೈ 9, ಭಾನುವಾರ. ಚಿಕಿಂಕಿರಾ ಮಾತೆಯ ಹಬ್ಬ

ಸೊಗಾಮೊಸೊ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಹಾಗಿರಲಿಲ್ಲ.

ನಿನ್ನೆ ಬೆಳಿಗ್ಗೆ ಆರಕ್ಕೆ ಸೈಕಲ್‌ಗಳೆಲ್ಲ ಚರ್ಚಿನ ಮುಂದೆ ಸಾಲಾಗಿ ನಿಂತವು. ನಾನು ಒಳಗೆ ಬಿಸಿ ಬೆಲ್ಲದ ನೀರನ್ನು ಫ್ಲಾಸ್ಕುಗಳಿಗೆ ತುಂಬುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಆಶೀರ್ವಾದ ಮುಗಿದು, ಯಜಮಾನರು ಶಿಳ್ಳೆ ಊದಿ, ಎಲ್ಲರೂ ಹೊರಟಿದ್ದರು. ನೂಬಿಯಾ ಕೈ ಬೀಸಿದಳು. ನೀಲಿ ಪ್ಲಾಸ್ಟಿಕ್ ಅಂಗಿ.

ನಾನೂ ಎದೆಲ್ಮೀರಾಳೂ ಪೊರಕೆ ಗಾಡಿ ಹತ್ತಿದೆವು. ಅದನ್ನು ಓಡಿಸುವವರು ಕುಸ್ತೋದಿಯೊ ಅವರೇ. ಸಾಮಾನು, ಸ್ಪ್ಯಾನರು ಎಲ್ಲ ಅವರ ಗಾಡಿಯಲ್ಲೇ ಇರುತ್ತದೆ. ಸೇತುವೆ ದಾಟಿ ಘಾಟಿ ಹತ್ತತೊಡಗಿದೆವು. ಮುಂದೆ ಮಂಜು, ಮಂಜಿನಲ್ಲಿ ಹಿಂದುಳಿದವರ ಬೆನ್ನು.

ಎದೆಲ್ಮೀರಾ ನನ್ನ ತೋಳು ಮುಟ್ಟಿದಳು. "ಬೇಜಾರು ಮಾಡ್ಕೋಬೇಡಿ ದೋನ್ಯಾ ತ್ರಾನ್ಸಿತೊ. ನೀವು ಹ್ಯಾಂಡಲ್ಲಿಗೆ ಸಾಕು ಅಂದಿದ್ರಿ. ಆದ್ರೆ ಚಕ್ರಕ್ಕೆ ಹಚ್ಚದೆ ಬಿಡೋಕೆ ನಮಗ್ಯಾರಿಗೂ ಮನಸ್ಸು ಬರ್ಲಿಲ್ಲ. ಎರಡಕ್ಕೂ ಹಚ್ಚಿದ್ವಿ. ಪದ್ಧತಿ ಬಿಡಬಾರ್ದಲ್ವಾ?"

ಒಂದೇ ಒಂದು ವರ್ಷದ ಪದ್ಧತಿ!

"ಏನು ಹಚ್ಚಿದ್ರಿ?" ಎಂದರು ಕುಸ್ತೋದಿಯೊ, ರಸ್ತೆಯಿಂದ ಕಣ್ಣು ತೆಗೆಯದೆ.

"ಮಾತೆ ದೀಪದ ಎಣ್ಣೆ. ರಿಮ್ಮಿಗೆ, ಆ ಹೊಳೆಯೋ ಜಾಗಕ್ಕೆ, ಸುತ್ತಲೂ. ನೂಬಿಯಾಗೆ ಮಾತ್ರ ಎರಡೆರಡು ಸಲ ಹಚ್ದೆ, ಪಾಪ, ಮೊದಲ ಸಲ ಹೋಗ್ತಿದಾಳೆ."

ಗಾಡಿ ನಿಂತೇಹೋಯಿತು. ಅವರು ನನ್ನ ಕಡೆ ತಿರುಗಿದರು. ರೋಸ್‌ಮರಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ನಾನು ಹೌದು ಎಂದೆ. ಹೋದ ವರ್ಷವೂ ಹೌದು, ಆನ್ಸೆಲ್ಮೊಗೆ ಮೂರು ಸಲ, ಹಚ್ಚಿದ್ದು ನಾನು, ಆವತ್ತು ನಿಮ್ಮ ಅಂಗಡಿಯಲ್ಲೇ ಗೊತ್ತಾಯಿತು ಎಂದೆ. ಹದಿನಾರು ದಿನ ಬಾಯಿಯಿಂದ ಹೊರಡದ್ದು ಗಾಡಿಯ ಒಳಗೆ ಒಂದೇ ಉಸಿರಿಗೆ ಬಂತು.

"ಬೈಯೋದು ಆಮೇಲೆ" ಎಂದು ಗೇರ್ ಹಾಕಿದರು.

ಹಾರ್ನ್ ಒತ್ತಿದರು, ಒತ್ತುತ್ತಲೇ ಹೋದರು. ಸವಾರಿಯಲ್ಲಿ ಹಾರ್ನ್ ಹೊಡೆದರೆ ಹುರಿದುಂಬಿಸಿದ ಹಾಗೆ. ಮುಂದಿದ್ದವರು ನಗುತ್ತ ಕೈ ಎತ್ತಿದರು, "ಮಾತೆಗೆ ಜಯವಾಗಲಿ!" ಎಂದು ಕೂಗಿದರು, ಇನ್ನೂ ಜೋರಾಗಿ ತುಳಿದರು. ರಸ್ತೆ ಬಿಡಲಿಲ್ಲ; ಅಂಚಿನ ಕೆಸರಿನಲ್ಲೇ ಗಾಡಿ ನುಗ್ಗಿಸಿ ಒಬ್ಬೊಬ್ಬರನ್ನೇ ದಾಟಿದೆವು. ಕಿಟಕಿಯಿಂದ ಅರ್ಧ ಹೊರಗೆ ಬಾಗಿ ನಾನೂ ಕೂಗಿದೆ, ನಿಲ್ಲಿ, ನಿಲ್ಲಿ. ಒಬ್ಬ "ನಿಲ್ಲಲ್ಲ ದೋನ್ಯಾ, ಹರಕೆ ಇದೆ!" ಎಂದ. ಮಂಜಿನಲ್ಲಿ ನೀಲಿ ಬಣ್ಣ ಎಲ್ಲೂ ಕಾಣಲಿಲ್ಲ.

ಘಾಟಿಯ ತುದಿಯಲ್ಲಿ ಆತ್ಮಗಳ ಗುಡಿ ಇದೆ. ಅದರ ಮುಂದಿನ ಕಬ್ಬಿಣದ ಕಂಬಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಾಲನ್ನು ಪೆಡಲ್ ಮೇಲೇ ಇಟ್ಟು, ಇನ್ನೊಂದು ಕೈಯಲ್ಲಿ ಅಂಗಿಯೊಳಗೆ ನ್ಯೂಸ್‌ಪೇಪರು ತುರುಕಿಕೊಳ್ಳುತ್ತಾರೆ, ಇಳಿಯುವಾಗ ಎದೆಗೆ ಚಳಿ ಹೊಡೆಯದಿರಲಿ ಎಂದು. ನೆಲ ಮುಟ್ಟುವುದಿಲ್ಲ. ತಂತಿಯ ಮೇಲಿನ ಗುಬ್ಬಿಗಳ ಹಾಗೆ ನಲವತ್ತು ಜನ ಕೂತಿದ್ದರು. ತುದಿಗೆ ಯಜಮಾನರು, ಅವರ ಪಕ್ಕ ನೂಬಿಯಾ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಗಾಡಿ ನಿಲ್ಲುವ ಮೊದಲೇ ಇಳಿದೆ. ಬಿದ್ದೆ, ಎದ್ದೆ. ಓಡಿ ಹೋಗಿ ಅವಳ ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಕಾಲೂರಿ! ಎಲ್ಲರೂ ಕಾಲೂರಿ!"

ಎಲ್ಲರೂ ನಕ್ಕರು. ನನ್ನ ಬಾಯಿಂದ ಆ ಮಾತು ಬಂದರೆ ನಗದೆ ಏನು ಮಾಡುತ್ತಾರೆ?

"ದಾರಿ ಬಿಡಿ, ತ್ರಾನ್ಸಿತೊ" ಎಂದರು ಯಜಮಾನರು. "ಹೊತ್ತಾಗ್ತಾ ಇದೆ."

"ಅಮ್ಮಾ, ಬಿಡಿ, ಹರಕೆ ಹೊತ್ತೋರು ನೀವೇ ಅಲ್ವಾ!" ಎಂದಳು ನೂಬಿಯಾ.

ಬಿಡಲಿಲ್ಲ. ಮಳೆಯ ಸದ್ದಿಗೆ ಕೇಳಲಿ ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. "ಹೋದ ವರ್ಷ ಆನ್ಸೆಲ್ಮೊ ಕುಡಿದಿರ್ಲಿಲ್ಲ. ಅವರ ರಿಮ್ಮಿಗೆ ಎಣ್ಣೆ ಹಚ್ಚಿದ್ದು ನಾನು, ಈ ಕೈ. ಎಣ್ಣೆ ಮೇಲೆ ಮಳೆ ಬಿದ್ದು ಬ್ರೇಕ್ ಹಿಡೀಲಿಲ್ಲ. ಇವತ್ತು ನಿಮ್ಮೆಲ್ಲರ ಚಕ್ರಕ್ಕೂ ಅದೇ ಎಣ್ಣೆ ಹಚ್ಚಿದೆ. ನಿಮ್ಮ ಹರಕೆ ಮುರಿದ್ರೆ ಆ ಪಾಪ ನನಗಿರಲಿ."

ನಗು ನಿಂತಿತು. ಕಂಬಿಯಿಂದ ಯಾರೂ ಕೈ ತೆಗೆಯಲಿಲ್ಲ, ಯಾರೂ ಕಾಲೂ ಊರಲಿಲ್ಲ. ಯಜಮಾನರ ಮುಖ ಕೆಂಪಾಗಿತ್ತು.

"ಮಗಳ ಮೇಲಿನ ಭಯಕ್ಕೆ ಏನೇನೋ ಮಾತಾಡ್ತಿದಾರೆ" ಎಂದರು. "ನೋಡಿ, ಹನ್ನೊಂದು ವರ್ಷದಿಂದ ಇಳೀತಾ ಇದ್ದೀನಿ." ಕಂಬಿ ಬಿಟ್ಟರು.

ಮೊದಲ ತಿರುವು ಗುಡಿಯಿಂದ ಕಾಣುತ್ತದೆ. ಆ ಹೊತ್ತಿಗೆ ಮಂಜು ಸ್ವಲ್ಪ ಸರಿದಿತ್ತು. ಅವರ ಎರಡೂ ಕೈಬೆರಳು ಬ್ರೇಕ್ ಅಮುಕಿದ್ದು ಹಿಂದಿನಿಂದ ಮೊಣಕೈ ಬಿಗಿದದ್ದರಲ್ಲಿ ಗೊತ್ತಾಯಿತು. ಸೈಕಲ್ ನಿಧಾನವಾಗಲಿಲ್ಲ. "ಹಿಡೀತಿಲ್ಲ" ಎಂದರು ಕುಸ್ತೋದಿಯೊ ಮೆಲ್ಲಗೆ. ತಿರುವು ಎಡಕ್ಕೆ ಹೋಯಿತು, ಯಜಮಾನರು ನೇರ ಹೋದರು. ಮೊದಲ ತಿರುವಿನಲ್ಲಿ ಕಲ್ಲುಗೋಡೆ ಇಲ್ಲ, ಕುಸಿದ ಕೆಸರಿನ ದಿಬ್ಬ ಇದೆ. ಮಾತೆಯೇ, ಅದು ನಿನ್ನದೇ ಕೃಪೆ.

ಎದ್ದು ಕೂತರು. ಒಂದು ಹೆಗಲು ಕೆಳಗೆ ಜೋತುಬಿದ್ದಿತ್ತು.

ನೂಬಿಯಾ ಎಡಗಾಲು ತೆಗೆದು ರಸ್ತೆಯ ಮೇಲಿಟ್ಟಳು. ಆಮೇಲೆ ಬಲಗಾಲು.

"ಹರಕೆ ಮುರೀತು ಅಮ್ಮಾ."

"ಮುರೀಲಿ ಬಿಡು. ಓಡು, ಅಪ್ಪನ್ನ ನೋಡು."

ಕಂಬಿಯ ಉದ್ದಕ್ಕೂ ಒಂದೊಂದೇ ಶೂ ನೀರಿಗೆ ಬಿದ್ದ ಸದ್ದು ಕೇಳಿತು. ಹಿಂದಿನಿಂದ ಹತ್ತಿ ಬಂದವರನ್ನೂ ಎದೆಲ್ಮೀರಾ ಅಳುತ್ತ ಒಬ್ಬೊಬ್ಬರನ್ನೇ ತಡೆದು ನಿಲ್ಲಿಸಿದಳು. ಹದಿನೆಂಟು ಕಿಲೋಮೀಟರು ಅರವತ್ತು ಜನ ಸೈಕಲ್ ತಳ್ಳಿಕೊಂಡು ಇಳಿದರು. ನಾಲ್ಕನೇ ತಿರುವಿನ ಕಲ್ಲುಗೋಡೆಯ ಹತ್ತಿರ ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡರು. ಕ್ಯಾಪ್ಟನ್ ಮಾತ್ರ ಪೊರಕೆ ಗಾಡಿಯಲ್ಲಿ ಕೂತು ಬಂದರು, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಊರ ಬಾಗಿಲಲ್ಲಿ ಪೆಟ್ರೋಲ್ ಬಂಕಿನವರು ಬಕೆಟ್ಟು, ಸೋಪು ಕೊಟ್ಟರು. ಕುಸ್ತೋದಿಯೊ ನೂರಿಪ್ಪತ್ತು ರಿಮ್ಮು ಉಜ್ಜಿಸಿ, ಬ್ರೇಕ್ ರಬ್ಬರನ್ನೆಲ್ಲ ಮರಳುಕಾಗದದಲ್ಲಿ ತಿಕ್ಕಿಸಿ, ಒಂದೊಂದನ್ನೂ ತಾವೇ ಹಿಡಿದು ನೋಡಿ ಬಿಟ್ಟರು. ನಾನೂ ತಿಕ್ಕಿದೆ. ನೂಬಿಯಾ ಉಳಿದ ಸವಾರರ ಜೊತೆ ಮುಂದೆ ಹೋದಳು. "ಮುರಿದ ಹರಕೆ ಆದ್ರೂ ಮಾತೆ ಮುಖ ನೋಡ್ಬೇಕು" ಎಂದಳು. ಹೋಗಲಿ ಎಂದು ಬಿಟ್ಟೆ.

ಯಜಮಾನರ ಹೆಗಲ ಮೂಳೆ ಮುರಿದಿದೆ. ನನ್ನ ಹತ್ತಿರ ಮಾತಾಡುತ್ತಿಲ್ಲ. ನರ್ಸಿನ ಕೈಲಿ ಹೇಳಿಸುತ್ತಾರೆ: ನೀರು ಬೇಕಂತೆ.

ಜುಲೈ 12, ಬುಧವಾರ

ಆನ್ಸೆಲ್ಮೊ ಅವರ ಮನೆಗೆ ಹೋಗಿದ್ದೆ. ಊರೆಲ್ಲ ಸುದ್ದಿ ಹಬ್ಬಿ ಮೂರು ದಿನ ಆಗಿತ್ತು. ಇವತ್ತು ಶೆಡ್ಡಿನಲ್ಲಿ ರೊಸಾಲ್ಬಾಳ ಸ್ಟೂಲು ಖಾಲಿ ಇತ್ತು.

ಬಾಗಿಲು ತೆರೆದವಳು ಅವಳೇ. ಪಕ್ಕಕ್ಕೆ ಸರಿದಳು. ಆನ್ಸೆಲ್ಮೊ ಒಲೆಯ ಹತ್ತಿರ ಊರುಗೋಲು ಒರಗಿಸಿಕೊಂಡು ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಮೊದಲಿನಿಂದ, ಮೂರು ಶಿಲುಬೆಯನ್ನೂ ಬಿಡದೆ.

"ಮೂರು" ಎಂದರು ಆನ್ಸೆಲ್ಮೊ. "ನನಗೆ ಮಾತ್ರ ಮೂರು."

"ಪ್ರೀತಿಗೆ ಹಚ್ಚಿದ್ದು, ಕೊಂಪಾದ್ರೆ."

"ದ್ವೇಷಕ್ಕೆ ಹಚ್ಚಿದ್ರೆ ಸೊಂಟ ಉಳೀತಿತ್ತೋ ಏನೋ." ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ನಿಮಗೊಂದು ವಿಷಯ ಗೊತ್ತಾ? ಕುಡಿದಿಲ್ಲ ಕುಡಿದಿಲ್ಲ ಅಂತ ಆರು ತಿಂಗಳು ಹೇಳ್ದೆ. ಇವಳೂ ನಂಬ್ಲಿಲ್ಲ. ಆಮೇಲೆ ನನಗೇ ಅನುಮಾನ ಬಂತು. ಕುಡಿದಿದ್ನೇನೋ, ತಲೆಗೆ ಪೆಟ್ಟು ಬಿದ್ದು ಮರೆತಿದೀನೇನೋ ಅಂತ. ಹೋಗಿ ಪಾದ್ರಿಗಳ ಹತ್ರ ಪಾಪನಿವೇದನೆ ಮಾಡ್ದೆ. ಒಂಬತ್ತು ಶುಕ್ರವಾರ ಮೊಣಕಾಲ ಮೇಲೆ ಶಿಲುಬೆ ಹಾದಿ ಮಾಡಿಸಿದ್ರು. ಈ ಸೊಂಟದಲ್ಲಿ."

ರೊಸಾಲ್ಬಾ ಗೋಡೆ ಕಡೆ ತಿರುಗಿದಳು.

"ನಾನು ಮಾಡ್ತೀನಿ" ಎಂದೆ. "ತೊಂಬತ್ತು ಶುಕ್ರವಾರ ಬೇಕಾದ್ರೂ."

"ನನಗೆ ನಿಮ್ಮ ಮೊಣಕಾಲು ಬೇಡ. ನನ್ನನ್ನ ಕುಡುಕ ಅಂತ ಆಡ್ಕೊಂಡಿದ್ದು ಚರ್ಚಿನಲ್ಲಲ್ಲ, ತೆಹೊ ಅಂಗಳದಲ್ಲಿ, ಬಿಯರ್ ಬಾಟ್ಲಿ ಹಿಡ್ಕೊಂಡು. ಭಾನುವಾರ ಅಲ್ಲಿಗೆ ಬಂದು ಹೇಳಿ."

ಗಂಡಸರು ತೆಹೊ ಆಟ ಆಡುತ್ತ ಕುಡಿಯುವ ಆ ಅಂಗಳಕ್ಕೆ ನಾನು ಯಾವತ್ತೂ ಕಾಲಿಟ್ಟಿಲ್ಲ. ದಾರಿಯಲ್ಲಿ ಹೋಗುವಾಗಲೂ ಆಚೆ ಬದಿಯಲ್ಲೇ ನಡೆಯುವವಳು.

"ಬರ್ತೀನಿ" ಎಂದೆ.

ಜುಲೈ 16, ಭಾನುವಾರ. ಕಾರ್ಮೆಲ್ ಮಾತೆಯ ಹಬ್ಬ

ಬೆಳಿಗ್ಗೆ ಪೂಜೆಗೆ ಹೋದೆ. ಮಧ್ಯಾಹ್ನ ಆನ್ಸೆಲ್ಮೊ ಅವರ ಜೊತೆ ತೆಹೊ ಅಂಗಳಕ್ಕೆ. ಅವರ ಊರುಗೋಲಿನ ನಡಿಗೆಗೆ ಸರಿಯಾಗಿ ನಡೆದೆ.

ಗಂಡಸರು ಕಬ್ಬಿಣದ ಬಿಲ್ಲೆ ಎಸೆದು ಜೇಡಿಮಣ್ಣಿನಲ್ಲಿಟ್ಟ ಮದ್ದಿನ ಪೊಟ್ಟಣ ಸಿಡಿಸುತ್ತಿದ್ದರು. ನಾನು ಒಳಗೆ ಬಂದಾಗ ಎಸೆಯಲು ಎತ್ತಿದ ಕೈ ಹಾಗೇ ನಿಂತಿತು. ಯಾರೋ ಟೋಪಿ ತೆಗೆದರು. ಹೊಗೆ, ಬಿಯರು, ಒದ್ದೆ ರುವಾನಾದ ವಾಸನೆ. ಅಂಗಳದ ನಡುವೆ ನಿಂತು ಹೇಳಿದೆ: ಹೋದ ವರ್ಷ ಸವಾರಿಯ ದಿನ ಆನ್ಸೆಲ್ಮೊ ಚಪಾರೊ ಕುಡಿದಿರಲಿಲ್ಲ. ಬ್ರೇಕ್ ಹಿಡಿಯಲಿಲ್ಲ. ಕಾರಣ ನಾನು. ಕುಡಿದಿದ್ದರು ಎಂದು ನಗಾಡಿದವರಲ್ಲಿ ನಾನೂ ಒಬ್ಬಳು.

ಕುಸ್ತೋದಿಯೊ ಒಂದು ಕುರ್ಚಿ ಎಳೆದು ಕೊಟ್ಟರು. ಅಲ್ಲಿನ ಬಿಯರ್ ಅಂಗಡಿಯವನು ಒಂದು ಬಾಟಲಿ ತೆರೆದು ಆನ್ಸೆಲ್ಮೊ ಅವರ ಮುಂದಿಟ್ಟ. "ಅಂಗಡಿ ಕಡೆಯಿಂದ, ಆನ್ಸೆಲ್ಮೊ. ತಪ್ಪಾಯ್ತು."

ಆನ್ಸೆಲ್ಮೊ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನು ಮುಟ್ಟಲ್ಲ ಅಂತ ಮಾತೆಗೆ ಹರಕೆ ಹೊತ್ತಿದ್ದೆ, ಕೊಮಾದ್ರೆ, ಮಾಡದೇ ಇರೋ ಪಾಪಕ್ಕೆ. ಈ ಹರಕೆ ನಿಲ್ಲುತ್ತಾ, ಬಿದ್ದು ಹೋಗುತ್ತಾ? ನಿಯಮ ನಿಮಗೆ ಗೊತ್ತಲ್ಲ. ಹೇಳಿ."

ಅಂಗಳದವರೆಲ್ಲ ನನ್ನ ಕಡೆ ನೋಡಿದರು.

"ನನಗೆ ಗೊತ್ತಿಲ್ಲ, ಆನ್ಸೆಲ್ಮೊ" ಎಂದೆ.

ಅವರು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಕುಡಿದರೋ ಇಲ್ಲವೋ ನೋಡಲಿಲ್ಲ. ಹೊರಡುವಾಗ ಯಾರದೋ ಕೈ ತಾಗಿ ಮೇಜಿನ ಮೇಲಿನ ಬಿಯರ್ ಗ್ಲಾಸು ಉರುಳಿ ನನ್ನ ಲಂಗಕ್ಕೆಲ್ಲ ಚೆಲ್ಲಿತು.

ಮನೆಗೆ ಬಂದೆ. ಯಜಮಾನರು ಕಟ್ಟು ಹಾಕಿದ ಹೆಗಲಿನಲ್ಲಿ ಒಲೆಯ ಮುಂದೆ ಕೂತಿದ್ದರು. ಮೂಗು ಎತ್ತಿ ಮೂಸಿದರು. ಎಂಟು ದಿನದ ಮೇಲೆ ಬಾಯಿ ಬಿಟ್ಟರು.

"ಕುಡ್ಕೊಂಡು ಬಂದ್ರಾ?"

ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.